ನಾಕು, ನಕೋ

ಮುಂಬಯಿಯ ಕನ್ನಡ ಮನೆಗಳಲ್ಲಿ ‘ಬಾಯಿ ಬಂದಿಲ್ಲ’ ಎಂಬ ಮಾತು ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಪಾತ್ರೆ ತೊಳೆದು ನೆಲ ಒರೆಸಿ ಹೋಗುವ ಹೆಂಗಸಿಗೆ ಆ ಊರಿನಲ್ಲಿ ಬಾಯಿ ಎನ್ನುತ್ತಾರೆ. ಮರಾಠಿಯ ಮಾತು, ಆದರೆ ಎಲ್ಲರ ನಾಲಿಗೆಗೂ ಅಂಟಿಕೊಂಡಿದೆ. ಡೊಂಬಿವಲಿಯ ಒಂದು ಫ್ಲ್ಯಾಟಿನಿಂದ ಸೊಸೆಯೊಬ್ಬಳು ಬೆಳಿಗ್ಗೆ ಎಂಟರ ಗಡಿಬಿಡಿಯಲ್ಲಿ, ಕುಂದಾಪುರದ ಹತ್ತಿರದ ಹಳ್ಳಿಯಲ್ಲಿರುವ ಅತ್ತೆಗೆ, “ಸಂಜೆ ಮಾತಾಡ್ತೀನ್ರಿ ಅತ್ತೆ, ಇವತ್ತೂ ಬಾಯಿ ಬಂದಿಲ್ಲ” ಎಂದು ಹೇಳಿ ಫೋನ್ ಇಟ್ಟಳು.

ಕುಂದಾಪುರದಲ್ಲಿ ಬಾಯಿ ಬರುವುದು ಎಂದರೆ ಬೇರೆ. ಮಗುವಿಗೆ ಮಾತು ಬರುವುದು ಎಂದೇ ಅರ್ಥ. ಎರಡೂವರೆ ವರ್ಷದ ಮೊಮ್ಮಗಳು ಇನ್ನೂ ನೆಟ್ಟಗೆ ನಾಲ್ಕು ಮಾತು ಆಡುವುದಿಲ್ಲ ಎಂಬ ಚಿಂತೆ ಅಜ್ಜಿಗೆ ಮೊದಲೇ ಇತ್ತು. ಅದರ ಮೇಲೆ ಈ ‘ಇವತ್ತೂ’. ಅವರು ಒಲೆಯ ಮೇಲಿದ್ದ ಸಾರು ಇಳಿಸಿ, ಆನೆಗುಡ್ಡೆ ಗಣಪತಿಗೆ ಪಂಚಕಜ್ಜಾಯ ಹರಕೆ ಹೇಳಿಕೊಂಡು, ಆಫೀಸಿನಲ್ಲಿದ್ದ ಮಗನಿಗೆ ಫೋನ್ ಮಾಡಿದರು. “ಮಗಾ, ಹೆಣ್ಣಿಗೆ ಇವತ್ತೂ ಬಾಯಿ ಬಂದಿಲ್ಯಾ? ನಿನ್ನ ಹೆಂಡ್ತಿ ಫೋನ್ ಇಟ್ಟೇಬಿಟ್ಟಳು.”

ಮಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಆಫೀಸಿನಲ್ಲಿ ಪಕ್ಕದವರು ತಿರುಗಿ ನೋಡುವ ಹಾಗೆ ನಕ್ಕ. ನಗು ಬೇಗ ನಿಂತಿತು. ಬಾಯಿ ಮರುದಿನ ಬಂದಳು. ಮಗುವಿಗೆ ಮಾತು ಬಂದಿರಲಿಲ್ಲ, ಅದು ನಿಜವೇ ಆಗಿತ್ತು.

ಆ ಮನೆಯಲ್ಲಿ ಕನ್ನಡವೂ ಒಂದಲ್ಲ. ಗಂಡ ಕುಂದಾಪುರದವ, ‘ಎಂತ’ ಎನ್ನುವವ. ಹೆಂಡತಿ ಧಾರವಾಡದವಳು, ‘ಯಾಕ’, ‘ಬ್ಯಾಡ’ ಎನ್ನುವವಳು. ಮದುವೆಯಾದ ಹೊಸದರಲ್ಲಿ ಇವನು ಫೋನಿನಲ್ಲಿ ಊರಿನವರ ಜೊತೆ ಮಾತಾಡುವಾಗ ಅವಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲವಂತೆ. ಎದುರು ಮನೆಯವರು ಮರಾಠಿಗರು. ಆ ಮನೆಯ ಯಜಮಾನಿಯನ್ನು ಮಹಡಿಯವರೆಲ್ಲ ಕಾಕೂ ಎನ್ನುತ್ತಾರೆ. ಅವರ ಏಳನೇ ಕ್ಲಾಸಿನ ಮಗಳ ಸೊಂಟದ ಮೇಲೆ ಕೂತೇ ಪುಟ್ಟಿ ದೊಡ್ಡವಳಾದಳು ಎಂದರೂ ಸರಿ. ವಾಚ್‌ಮನ್ ಹಿಂದಿ. ಪ್ಲೇಸ್ಕೂಲಿನ ಹಾಡುಗಳು ಇಂಗ್ಲಿಷು, ಗದರಿಕೆ ಹಿಂದಿ. ಧಾರವಾಡದ ಅಜ್ಜಿ ಒಮ್ಮೆ ಬಂದಾಗ ತಮ್ಮ ಕಡೆಯ ರೂಢಿಯಂತೆ “ನಾ ನಿನ್ನ ಆಯಿ” ಎಂದು ಎತ್ತಿಕೊಳ್ಳಲು ಹೋಗಿದ್ದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಎದುರುಮನೆಯಲ್ಲಿ ದಿನವೂ ಅದನ್ನೇ ಕೇಳುವ ಮಗು ಹೌಹಾರಿ ಅಡುಗೆಮನೆಗೆ ಓಡಿ ತನ್ನ ನಿಜವಾದ ಆಯಿಯ ಸೀರೆ ಹಿಡಿದುಕೊಂಡಿತ್ತು. ಹೊಸದಾಗಿ ಇನ್ನೊಬ್ಬ ತಾಯಿ ಬಂದರೆ ಯಾರಿಗಾದರೂ ಭಯವಾಗುತ್ತದೆ.

ಪ್ಲೇಸ್ಕೂಲಿನವರು ತಂದೆ ತಾಯಿಯನ್ನು ಕರೆಸಿದರು. ಮಗು ಬೆರಳು ತೋರಿಸುತ್ತದೆ, ಮಾತಾಡುವುದಿಲ್ಲ. ಮನೆಯಲ್ಲಿ ತುಂಬಾ ಭಾಷೆ ಇರುವುದರಿಂದ ಗೊಂದಲವಾಗಿದೆ. ಇನ್ನು ಮುಂದೆ ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಆದರೆ ಒಳ್ಳೆಯದು. ಈ ಮಾತನ್ನು ಕೇಳಿಸಿಕೊಳ್ಳದ ಯುವ ದಂಪತಿಗಳು ನಗರಗಳಲ್ಲಿ ಕಡಿಮೆ. ಹೇಳುವವರು ಕೆಟ್ಟವರಲ್ಲ, ದನಿಯಲ್ಲಿ ಕಾಳಜಿಯೂ ಇರುತ್ತದೆ. ಆದರೆ ಬಿಡಬೇಕಾದ ಭಾಷೆ ಯಾವಾಗಲೂ ಅಜ್ಜಿಯದೇ ಆಗಿರುತ್ತದೆ ಎನ್ನುವುದನ್ನು ಯಾರೂ ಗಮನಿಸುವುದಿಲ್ಲ.

ಹಾಗೆ ಆ ಮನೆಯಲ್ಲಿ ಎರಡು ತಿಂಗಳು ಇಂಗ್ಲಿಷ್ ನಡೆಯಿತು. ಗಂಡನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಲೆಕ್ಕಪತ್ರ ವಿಭಾಗದ ಇಂಗ್ಲಿಷು. ಹಾಲಿನ ಲೋಟ ಹಿಡಿದು ಅವನು ಮಗಳಿಗೆ, “ಲೆಟ್ ಅಸ್ ಕ್ಲೋಸ್ ದಿಸ್ ಬೈ ಸೆವೆನ್ ಥರ್ಟಿ” ಎಂದ. ಲೋಟ ಖಾಲಿಯಾದ ಮೇಲೆ “ಥ್ಯಾಂಕ್ಸ್ ಫಾರ್ ಯುವರ್ ಸಪೋರ್ಟ್” ಎಂದನೆಂದು ಹೆಂಡತಿ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ. ಅವಳ ಕಷ್ಟ ಬೇರೆ. ಮುದ್ದು ಮಾಡಲು ಇಂಗ್ಲಿಷಿನಲ್ಲಿ ಅವಳಿಗೆ ಎರಡೇ ಶಬ್ದ ಗೊತ್ತಿದ್ದವು, ಬೈಯಲು ಅದೂ ಇಲ್ಲ. ಧಾರವಾಡದಲ್ಲಿ ಮಕ್ಕಳಿಗೆ ಮುದ್ದಿನಿಂದ ಬೈಯುವುದಕ್ಕೇ ಒಂದು ನಿಘಂಟು ಮಾಡಬಹುದು, ಅಷ್ಟನ್ನೂ ನುಂಗಿಕೊಂಡು ಕೂತಳು. ಕುಕ್ಕರಿನ ಆವಿ ಕೈಗೆ ತಾಗಿದಾಗ ಮಾತ್ರ “ಯವ್ವಾ!” ಎಂದು ಕೂಗಿದಳು. ಮಗು ತಟ್ಟನೆ ತಿರುಗಿ ನೋಡಿತು, ಬಹಳ ದಿನಗಳ ನಂತರ ಗುರುತಿನವರು ಸಿಕ್ಕ ಹಾಗೆ.

ರಾತ್ರಿ ಮಗು ಮಲಗಿದ ಮೇಲೆ ಗಂಡ ಹೆಂಡತಿ ಹಾಲಿನಲ್ಲಿ ಕೂತು ಪಿಸುದನಿಯಲ್ಲಿ ಕನ್ನಡ ಮಾತಾಡುತ್ತಿದ್ದರು, ಕಳ್ಳ ಸಾಮಾನು ಹಂಚಿಕೊಳ್ಳುವವರಂತೆ. ಊರಿನ ವಿಡಿಯೋ ಕಾಲ್‌ಗಳು ಚಿಕ್ಕದಾಗುತ್ತ ಬಂದವು. ಅಜ್ಜಿ ಆ ಕಡೆಯಿಂದ ಏನೋ ಕೇಳುವರು, ಅಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮಗಳಿಗೆ ಹೇಳುವನು, ಮಗಳು ಸುಮ್ಮನಿರುವಳು. ಅಜ್ಜಿ ದೂರಲಿಲ್ಲ. ಮೂರನೆಯ ವಾರ, “ನನ್ ಹತ್ರ ಮಾತಾಡ್ರೆ ಮಗಿಗೆ ಉಪದ್ರ ಆತ್ತ್ ಅಂದ್ರೆ ಬ್ಯಾಡ” ಎಂದು ಮಾತ್ರ ಹೇಳಿದರು. ಆ ರಾತ್ರಿ ಮಗನಿಗೆ ನಿದ್ದೆ ಬರಲಿಲ್ಲ.

ಬಹುಭಾಷೆಯಿಂದ ಮಕ್ಕಳಿಗೆ ಮಾತು ತಡವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಈ ವಿಷಯದಲ್ಲಿ ಕೆಲಸ ಮಾಡುವ ಭಾಷಾವಿಜ್ಞಾನಿಗಳೂ ವಾಕ್ ಚಿಕಿತ್ಸಕರೂ ಅದನ್ನು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಒಂದೊಂದು ಭಾಷೆಯಲ್ಲಿ ಶಬ್ದಗಳು ಕಡಿಮೆ ಇರಬಹುದು, ಎಲ್ಲವನ್ನೂ ಸೇರಿಸಿ ಎಣಿಸಿದರೆ ಸಾಮಾನ್ಯವಾಗಿ ಲೆಕ್ಕ ಸರಿಹೋಗುತ್ತದೆ. ನಿಜವಾಗಿ ತೊಂದರೆ ಇರುವ ಮಗುವಿಗೂ ಮನೆಭಾಷೆ ಕಿತ್ತುಕೊಂಡರೆ ತೊಂದರೆ ಹೋಗುವುದಿಲ್ಲ, ಮಾತಾಡಲು ಇದ್ದ ಜನ ಮಾತ್ರ ಕಡಿಮೆಯಾಗುತ್ತಾರೆ. ಕನ್ನಡದವರಿಗೆ ಇದನ್ನು ಹೊರಗಿನವರು ಹೇಳಬೇಕಾಗಿಯೂ ಇಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮನೆಯಲ್ಲಿ ಒಂದೇ ಭಾಷೆ ಎಂಬ ನಿಯಮವನ್ನು ಹಿಂದಕ್ಕೆ ಅನ್ವಯಿಸಿದರೆ ಕನ್ನಡ ಸಾಹಿತ್ಯದ ಕಪಾಟಿನಲ್ಲಿ ಎಷ್ಟು ಪುಸ್ತಕ ಉಳಿದಾವು? ಧಾರವಾಡದ ಹೆಂಡತಿ ಈ ವಾದವನ್ನು ಗಂಡನ ಮುಂದೆ ಎತ್ತಿದ್ದಳು, ಬೇಂದ್ರೆಯವರನ್ನು ಮುಂದೆ ಮಾಡಿಕೊಂಡು. “ಅವರು ಬೇಂದ್ರೆ, ಇವಳು ಪುಟ್ಟಿ” ಎಂದು ಅವನು ತಲೆ ಕೆರೆದುಕೊಂಡಿದ್ದ. ಹೆದರಿದವರಿಗೆ ಉದಾಹರಣೆಗಳಿಂದ ಸಮಾಧಾನವಾಗುವುದಿಲ್ಲ.

ಕೊನೆಗೆ ಒಬ್ಬ ವಾಕ್ ಚಿಕಿತ್ಸಕಿಯ ಹತ್ತಿರ ಹೋದರು. ಆಕೆ ಮೊದಲು ಕಿವಿ ಪರೀಕ್ಷೆ ಮಾಡಿಸಲು ಹೇಳಿದಳು. ಕಿವಿ ಸರಿಯಾಗಿತ್ತು. ಆಮೇಲೆ ಒಂದು ಮನೆಪಾಠ ಕೊಟ್ಟಳು: ಎರಡು ವಾರ ಫ್ರಿಜ್ಜಿನ ಮೇಲೆ ಹಾಳೆ ಅಂಟಿಸಿ, ಮಗು ಆಡುವ ಪ್ರತಿ ಶಬ್ದವನ್ನೂ ಬರೆಯಿರಿ, ಯಾವ ಭಾಷೆಯದಾದರೂ ಸರಿ, ಮನೆಯ ಹೊರಗಿನದಾದರೂ ಸರಿ. ಇಷ್ಟು ದಿನ ಅವರು ಎಣಿಸುತ್ತಿದ್ದುದು ತಾವು ಕೊಟ್ಟ ಶಬ್ದಗಳನ್ನು ಮಾತ್ರ. ಈಗ ಎದುರುಮನೆಯ ಹುಡುಗಿಯ ಕೈಗೂ ಪೆನ್ನು ಕೊಟ್ಟರು. ಹಾಳೆ ನಾಲ್ಕೇ ದಿನಕ್ಕೆ ತುಂಬಿ ಇನ್ನೊಂದು ಅಂಟಿಸಬೇಕಾಯಿತು. ಹಾಲು ಅಮ್ಮನದು, ಪಾಣಿ ಎದುರುಮನೆಯದು, ಬೆಕ್ಕು ಮರಾಠಿ ಮಕ್ಕಳ ‘ಮಾಊ’, ಗುಬ್ಬಿ ‘ಚಿಊ’, ಜೋಕಾಲಿ ಹಿಂದಿಯದು, ಬಸ್ಸು ಎಲ್ಲರದು. ‘ಹೋ’ ಎಂದರೆ ಹೌದು, ‘ನಕೋ’ ಎಂದರೆ ಬೇಡ. ಅದನ್ನು ಕೇಳದೇ ಇದ್ದವರು ಅಪ್ಪ ಅಮ್ಮ ಇಬ್ಬರೇ. ಚಿಕಿತ್ಸಕಿ ಹಾಳೆ ನೋಡಿ, ವಾಕ್ಯಗಳು ಸ್ವಲ್ಪ ನಿಧಾನವಾಗಿವೆ, ಗಮನ ಇಡೋಣ, ಆದರೆ ನೀವು ನಿಮ್ಮ ಭಾಷೆ ಮಾತಾಡಿ ಎಂದಳು. ಮಗುವಿನ ಜೊತೆ ದಿನವಿಡೀ ಮಾತಾಡುವವರು ಯಾರಾದರೂ ಇದ್ದಾರೆಯೇ ಎಂದೂ ಕೇಳಿದಳು.

ಅಜ್ಜಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದರು. ಕರಾವಳಿಯವರಿಗೂ ಮುಂಬಯಿಗೂ ಈ ರೈಲು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆಯುವ ಮೊದಲು ಘಟ್ಟದ ದಾರಿಯಲ್ಲಿ ಬಸ್ಸಿನಲ್ಲಿ ಮೈ ನುಗ್ಗುಮಾಡಿಕೊಂಡು ಬರುತ್ತಿದ್ದವರ ಕತೆಗಳು ಆ ಮನೆಗಳಲ್ಲಿ ಇನ್ನೂ ಇವೆ. ಮಧ್ಯಾಹ್ನ ಊರಿನ ಕಡೆ ಹತ್ತಿದರೆ ಬೆಳಗಿನ ಜಾವ ಠಾಣೆ. ಮಗ ಪ್ಲಾಟ್‌ಫಾರ್ಮಿನಲ್ಲಿ ಐದು ಬ್ಯಾಗ್ ಎಣಿಸಿಕೊಂಡ: ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಂದರಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಅವರ ಬಟ್ಟೆ ಮತ್ತು ಮತ್ತೆ ತೆಂಗಿನಕಾಯಿ.

ಮೊದಲ ಬೆಳಿಗ್ಗೆಯೇ ನೀರುದೋಸೆ. ಅಜ್ಜಿ ಕಾವಲಿಯ ಮುಂದೆ ನಿಂತು, “ಪುಟ್ಟೀ, ಎಷ್ಟ್ ದೋಸೆ ಬೇಕು?” ಎಂದರು. ಪುಟ್ಟಿಗೆ ಬೇಡವಾಗಿತ್ತು.

“ನಕೋ.”

“ನಾಕಾ! ಭಪ್ಪರೆ!” ಅಜ್ಜಿಯ ಮುಖ ಅರಳಿತು. ಮಾತೇ ಬರುವುದಿಲ್ಲ ಎಂದ ಮಗು ಲೆಕ್ಕ ಹೇಳುತ್ತಿದೆ. ತಟ್ಟೆಗೆ ನಾಲ್ಕು ದೋಸೆ ಬಿದ್ದವು. ಪುಟ್ಟಿ ಇನ್ನೂ ಜೋರಾಗಿ “ನಕೋ! ನಕೋ!” ಎಂದಳು. “ಅಯ್ಯೋ ಎಂಟಾ? ಮೊದಲು ಇದನ್ನ್ ತಿನ್ನು ಮಗಾ.” ಸೊಸೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗು ಅಳುತ್ತಿತ್ತು, ಅಜ್ಜಿ ಹೊಸ ಹಿಟ್ಟು ರುಬ್ಬಲು ಅಕ್ಕಿ ಹುಡುಕುತ್ತಿದ್ದರು.

ಅದು ತಿಳಿಯಾದ ಮೇಲೆ ತಾಯಿಯ ಪ್ರಕರಣ. ಎದುರುಮನೆಯ ಹುಡುಗಿಯನ್ನು ಪುಟ್ಟಿ ‘ತಾಈ’ ಎನ್ನುತ್ತಾಳೆ, ಮರಾಠಿಯಲ್ಲಿ ಅಕ್ಕ ಎಂದರ್ಥ. ಒಂದು ಮಧ್ಯಾಹ್ನ ಬಾಗಿಲಿನ ಚಿಲಕ ಎಟುಕದೆ “ತಾಈ! ತಾಈ!” ಎಂದು ಬಿಕ್ಕತೊಡಗಿದಳು. ಅಜ್ಜಿಗೆ ಕರುಳು ಕಿವಿಚಿದಂತಾಯಿತು. ತಾಯಿ ಒಳಗಿನ ಕೋಣೆಯಲ್ಲೇ ಇದ್ದಾಳೆ, ಮಗು ಹೀಗೆ ಅಳುತ್ತಿದೆ, ಇವಳು ಕಂಪ್ಯೂಟರಿನ ಮುಂದೆ ಕೂತು ನಗುತ್ತಿದ್ದಾಳೆ! ಮಗುವನ್ನು ಎತ್ತಿಕೊಂಡು ಹೋಗಿ, ಹದಿನಾಲ್ಕು ಜನ ಸೇರಿದ್ದ ಆಫೀಸ್ ಮೀಟಿಂಗಿನ ನಡುವೆ ಸೊಸೆಯ ಮಡಿಲಿಗೆ ಹಾಕಿ, “ತಗೋ, ತಾಯಿ ಬೇಕಂತೆ” ಎಂದರು. ಪುಟ್ಟಿ ಅಮ್ಮನನ್ನು ಎರಡೂ ಕೈಯಿಂದ ದೂಡಿ, ಬಾಗಿಲಿನ ಕಡೆ ಕೈಚಾಚಿ, ಇನ್ನೂ ಜೋರಾಗಿ “ತಾಈ!” ಎಂದು ಕೂಗಿದಳು. ಮೀಟಿಂಗಿನಲ್ಲಿದ್ದ ಮರಾಠಿಗರಿಗೆ ಎಲ್ಲ ಅರ್ಥವಾಯಿತು. ಅಜ್ಜಿಗೆ ಏನೂ ಆಗಲಿಲ್ಲ. ಹೆತ್ತವಳನ್ನು ದೂಡಿ ತಾಯಿ ಬೇಕು ಎನ್ನುವ ಮಗುವನ್ನು ಅವರು ಅರವತ್ತೆಂಟು ವರ್ಷದಲ್ಲಿ ನೋಡಿರಲಿಲ್ಲ.

“ಹೋ” ಇನ್ನೊಂದು. “ಹಾಲು ಕುಡೀತ್ಯಾ?” ಎಂದರೆ “ಹೋ”. “ಅಜ್ಜಿ ಜೊತೆ ಮಲಗ್ತ್ಯಾ?” ಎಂದರೆ “ಹೋ”. ಕರೆದಾಗಲೆಲ್ಲ ಹೋಗು ಎನ್ನುತ್ತದಲ್ಲ ಈ ಮಗು ಎಂದು ಅಜ್ಜಿ ಎರಡು ದಿನ ಬೇಜಾರು ಮಾಡಿಕೊಂಡರು. ಹೋಗು ಎಂದವಳೇ ಬಂದು ತೊಡೆಯ ಮೇಲೆ ಕೂರುವುದು ನೋಡಿ ಮೂರನೆಯ ದಿನ ತಾವೇ ಅರ್ಥ ಕಂಡುಹಿಡಿದರು. ಅಪರಿಚಿತ ಭಾಷೆಯೊಂದನ್ನು ಮೊದಲ ಸಲ ದಾಖಲಿಸುವವರು ಮಾಡುವುದೂ ಇದನ್ನೇ, ಅವರಿಗೆ ಸಂಬಳ ಇರುತ್ತದೆ ಅಷ್ಟೆ.

ಎರಡನೆಯ ವಾರ ಅಜ್ಜಿ ಮೊಮ್ಮಗಳ ಕೈಹಿಡಿದು ಕೆಳಗಿನ ತರಕಾರಿ ಗಾಡಿಗೆ ಹೋದರು. ಊರಿನಿಂದ ತಂದ ಕಾಯಿ ಮುಗಿದಿತ್ತು. ಎರಡು ಚೀಲ ಕಾಯಿ ಹತ್ತೇ ದಿನಕ್ಕೆ ಹೇಗೆ ಮುಗಿಯಿತು ಎಂದು ಕೇಳುವವರು ಕರಾವಳಿಯ ಅಡುಗೆ ಕಂಡವರಲ್ಲ. ಗಾಡಿಯವನ ಬುಟ್ಟಿ ಆ ಬದಿಗಿತ್ತು, ಅಜ್ಜಿಗೆ ಕಾಣುತ್ತಿರಲಿಲ್ಲ.

“ಕಾಯಿ” ಎಂದರು ಅಜ್ಜಿ.

“ಕಾಯ್?” ಎಂದ ಅವನು. ಮರಾಠಿಯಲ್ಲಿ ‘ಏನು?’

“ಹ್ಞಾಂ, ಕಾಯಿ.”

“ಕಾಯ್, ಆಜೀ?”

“ಕಾಯಿಯೇ ಮಾರಾಯ. ಕಾಯಿ ಇತ್ತಾ?”

“ಕಾಯ್ ಪಾಹಿಜೆ?”

ಅವನು ದನಿ ಏರಿಸಿದ, ಇವರೂ ಏರಿಸಿದರು. ಅವನು ಬೇಕಾದ್ದನ್ನೇ ಹೇಳುತ್ತಿದ್ದಾನೆ, ಕೊಡುವುದಿಲ್ಲ ಎನ್ನುವುದು ಅಜ್ಜಿಯ ಸಿಟ್ಟು. ತಾನು ಕೇಳಿದ್ದನ್ನೇ ಈ ಮುದುಕಿ ಅಣಕಿಸುತ್ತಿದ್ದಾಳೆ ಎನ್ನುವುದು ಅವನದು. ಆಗ ಕೆಳಗಿನಿಂದ, ಅಜ್ಜಿಯ ಸೀರೆಯ ನೆರಿಗೆಯ ಹತ್ತಿರದಿಂದ, ಸಣ್ಣ ದನಿ ಬಂತು: “ಆಜೀಲಾ ನಾರಳ ಪಾಹಿಜೆ.” ಅಜ್ಜಿಗೆ ತೆಂಗಿನಕಾಯಿ ಬೇಕು.

ಮೂರು ಶಬ್ದದ ಪೂರ್ತಿ ವಾಕ್ಯ, ವಿಭಕ್ತಿ ಪ್ರತ್ಯಯ ಸಮೇತ. ಅಜ್ಜಿಗೆ ಅದು ವಾಕ್ಯವೆಂದೂ ಗೊತ್ತಾಗಲಿಲ್ಲ. ಕಾಯಿ ಸಿಕ್ಕಿತು, ಅಲುಗಾಡಿಸಿ ನೀರು ನೋಡಿ ತಗೊಂಡರು. ಮೆಂತ್ಯದ ಕಟ್ಟು ಆರಿಸುತ್ತ ಅಲ್ಲೇ ನಿಂತಿದ್ದ ಕಾಕೂ ಸಂಜೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಅಭಿನಯಿಸಿ ತೋರಿಸಿದ್ದರಿಂದ ವಿಷಯ ಹೊರಬಿತ್ತು. ಅಮ್ಮ ಪುಟ್ಟಿಯನ್ನು ಕೂರಿಸಿಕೊಂಡು, “ಗಾಡಿಯವನಿಗೆ ಏನ್ ಹೇಳಿದಿ?” ಎಂದಳು. ಪುಟ್ಟಿ ಅಜ್ಜಿಯನ್ನು ನೋಡಿ, “ಕಾಯಿ ಕೊಡು” ಎಂದಳು. ಅದೇ ಮಾತು, ಕನ್ನಡದಲ್ಲಿ. ಗಾಡಿಯವನಿಗೆ ಅವನದು, ಅಜ್ಜಿಗೆ ಅಜ್ಜಿಯದು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಡ್ ಜೆನೆಸಿ ಎಂಬ ಮನೋಭಾಷಾವಿಜ್ಞಾನಿ ಫ್ರೆಂಚ್ ಮತ್ತು ಇಂಗ್ಲಿಷ್ ಮನೆಗಳ ಮಕ್ಕಳನ್ನು ಗಮನಿಸಿ, ಎರಡು ವರ್ಷದ ಆಸುಪಾಸಿನಲ್ಲೇ ಮಕ್ಕಳು ಎದುರಿಗಿರುವವರನ್ನು ನೋಡಿ ಭಾಷೆ ಆರಿಸಿಕೊಳ್ಳುತ್ತಾರೆ ಎಂದು ತೋರಿಸಿದ್ದಾರೆ. ಮಗು ಎಲ್ಲವನ್ನೂ ಕಲಸಿಟ್ಟುಕೊಂಡು ಗೊಂದಲದಲ್ಲಿದೆ ಎಂಬ ಹಳೆಯ ಕಲ್ಪನೆಯನ್ನು ಅವರು 1989ರ ಲೇಖನದಲ್ಲೇ ಪ್ರಶ್ನಿಸಿದ್ದರು. ಡೊಂಬಿವಲಿಯ ತರಕಾರಿ ಗಾಡಿಯ ಹತ್ತಿರ ಗೊಂದಲವಾಗಿದ್ದವರು ದೊಡ್ಡವರಿಬ್ಬರು.

ಆ ದಿನದಿಂದ ಕಾಕೂ ಮತ್ತು ಅಜ್ಜಿ ಗೆಳತಿಯರಾದರು. ಮಧ್ಯಾಹ್ನ ಎರಡು ಮನೆಗಳ ಬಾಗಿಲೂ ತೆರೆದಿರುತ್ತಿದ್ದವು. ಇವರು ಕುಂದಾಪುರದ ಕನ್ನಡ, ಅವರು ಮರಾಠಿ, ಗಂಟೆಗಟ್ಟಲೆ. ಕಾಕೂ ‘ಇಕಡೆ ಯಾ’ ಎಂದರೆ ಅಜ್ಜಿ ಈ ಕಡೆಯೇ ಬರುತ್ತಿದ್ದರು. ಒಂದು ದಿನ ಕಾಕೂ ‘ಅಳೂವಡಿ’ ತಂದುಕೊಟ್ಟರು. ಕನ್ನಡದ ಅಳುವಿಗೂ ಅದಕ್ಕೂ ಸಂಬಂಧವಿಲ್ಲ. ಅಳೂ ಎಂದರೆ ಕೆಸುವಿನ ಎಲೆ. ಅಜ್ಜಿ ಒಂದು ತುಂಡು ಬಾಯಿಗಿಟ್ಟು, “ಇದು ಪತ್ರೊಡೆ ಅಲ್ದಾ! ಅಕ್ಕಿ ಹಾಕುದ್ ಬಿಟ್ಟು ಕಡ್ಲೆಹಿಟ್ಟ್ ಯಾಕೆ ಹಾಕಿದ್ರಿ?” ಎಂದು ಕಾಕೂಗೆ ಕನ್ನಡದಲ್ಲೇ ಕೇಳಿದರು. ಮಾರನೆಯ ದಿನ ಅಕ್ಕಿ ರುಬ್ಬಿ ಮಾಡಿದ ಪತ್ರೊಡೆ ಆ ಮನೆಗೆ ಹೋಯಿತು, ತಿದ್ದುಪಡಿಯಾಗಿ.

ಅವರಿಬ್ಬರ ಮಾತು ಹೊಂದಿಕೊಂಡಿದ್ದಕ್ಕೆ ಹೆಂಗಸರ ಸ್ನೇಹ ಒಂದು ಕಾರಣ, ವ್ಯಾಕರಣವೂ ಒಂದು. ‘ನಾನು ನಾಳೆ ಊರಿಗೆ ಹೋಗ್ತೇನೆ’ ಎನ್ನುವುದನ್ನು ಕಾಕೂ ‘ಮೀ ಉದ್ಯಾ ಗಾವಾಲಾ ಜಾತೇ’ ಎನ್ನುತ್ತಾರೆ. ಶಬ್ದಕ್ಕೆ ಶಬ್ದ ಇಟ್ಟು ನೋಡಿ: ಊರಿನ ಹಿಂದೆ ‘ಗೆ’ ಇದ್ದಲ್ಲಿ ಗಾವದ ಹಿಂದೆ ‘ಲಾ’ ಇದೆ, ಕ್ರಿಯಾಪದ ಕೊನೆಗೇ ಬರುತ್ತದೆ. ಒಂದು ದ್ರಾವಿಡ, ಒಂದು ಇಂಡೋ-ಆರ್ಯನ್, ಆದರೂ ಬೇಲಿಯ ಆಚೆ ಈಚೆ ಇದ್ದು ಇದ್ದು ಒಂದರ ನಡಿಗೆ ಇನ್ನೊಂದಕ್ಕೆ ಬಂದಿದೆ. ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದ ತರಗತಿಗಳಲ್ಲಿ ಪ್ರಸಿದ್ಧ. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಶತಮಾನಗಳ ಒಡನಾಟದಲ್ಲಿ ಎಷ್ಟು ಹತ್ತಿರ ಬಂದಿದ್ದವೆಂದರೆ, ವಾಕ್ಯದ ಚೌಕಟ್ಟು ಒಂದೇ ಇಟ್ಟುಕೊಂಡು ಶಬ್ದ ಮಾತ್ರ ಬದಲಿಸಿದರೆ ಸಾಕಾಗುತ್ತಿತ್ತು. ಆದರೂ ಯಾವ ಭಾಷೆಯೂ ಸತ್ತಿರಲಿಲ್ಲ. ಪ್ರತಿಯೊಬ್ಬರೂ ಮನೆಯೊಳಗೆ ತಮ್ಮ ತಮ್ಮದನ್ನೇ ಆಡುತ್ತಿದ್ದರು, ಬೀದಿಯಲ್ಲಿ ಎಲ್ಲರದನ್ನೂ.

ಅಜ್ಜಿಗೆ ಆ ಊರಿನಲ್ಲಿ ನೋಡಬೇಕಾದ್ದು ಒಂದೇ ಇತ್ತು, ಫೋರ್ಟ್. ಅವರ ಗಂಡ ಅರವತ್ತರ ದಶಕದಲ್ಲಿ, ಮೀಸೆ ಮೂಡುವ ಮೊದಲೇ, ಊರು ಬಿಟ್ಟು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಸೇರಿದವರು. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ. ದುಡಿಯುವ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ನಡೆಸಿದ ಆ ರಾತ್ರಿ ಶಾಲೆಗಳಿಂದ ಗುಮಾಸ್ತರೂ ವಕೀಲರೂ ಹೋಟೆಲ್ ಮಾಲಕರೂ ಬರಹಗಾರರೂ ಹೊರಬಂದರು. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಕನ್ನಡ ಮಾಧ್ಯಮದ ಶಾಲೆಗಳನ್ನು ಮುಂಬಯಿ ಮಹಾನಗರಪಾಲಿಕೆಯೇ ನಡೆಸುತ್ತ ಬಂದಿದೆ. ಅಜ್ಜ ನೆಟ್ಟಗೆ ಓದು ಬರಹ ಕಲಿತದ್ದು ಕುಂದಾಪುರದಲ್ಲಲ್ಲ, ಫೋರ್ಟಿನಲ್ಲಿ. ಊರಿನಲ್ಲಿದ್ದ ಹೆಂಡತಿಗೆ ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ ಬರೆಯುವಷ್ಟು ಕನ್ನಡ ಅವರಿಗೆ ಮುಂಬಯಿ ಕೊಟ್ಟಿತು. ಆ ಮುಂಬಯಿಯಲ್ಲೇ ಅವರ ಮೊಮ್ಮಗಳಿಗೆ ಕನ್ನಡ ಬಿಡಿಸಿ ಎಂದು ಸಲಹೆ ಬಂದದ್ದು ಅಜ್ಜಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ, “ಯಾರು ಹೇಳಿದ್ದು ಅದನ್ನ್?” ಎಂದು ಆಗಾಗ ಕೇಳುತ್ತಿದ್ದರು. ಒಂದು ಭಾನುವಾರ ಮಗ ಫೋರ್ಟಿಗೆ ಕರೆದುಕೊಂಡು ಹೋದ. ಹೋಟೆಲ್ ಇದ್ದ ಜಾಗ ಯಾವುದೆಂದು ಗೊತ್ತಾಗಲಿಲ್ಲ. ಅಜ್ಜಿ ಒಂದು ಓಣಿಯ ಬಾಯಲ್ಲಿ ಸ್ವಲ್ಪ ಹೊತ್ತು ನಿಂತು, ಇದೇ ಇರಬಹುದು ಎಂದು ತಾವೇ ತೀರ್ಮಾನ ಮಾಡಿದರು. ಬರುವಾಗ ಮಾಟುಂಗದಲ್ಲಿ ಇಳಿದು, 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಿದರು. ಪುಟ್ಟಿ ಬಡಿಸುವವನಿಗೆ “ನಕೋ” ಎಂದಳು, ಅಜ್ಜಿ ಅವನಿಗೆ ಎಚ್ಚರಿಕೆ ಕೊಟ್ಟರು: “ನಾಕಲ್ಲ, ಬೇಡ ಅಂತ.”

ಮಳೆ ಶುರುವಾದ ಒಂದು ರಾತ್ರಿ ಕರೆಂಟು ಹೋಯಿತು. ಅಜ್ಜಿ ಕಾಗಕ್ಕ ಗುಬ್ಬಕ್ಕನ ಕತೆ ತೆಗೆದರು. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ, ದೊಡ್ಡ ಮಳೆ ಬಂತು, ಕಾಗಕ್ಕನ ಮನೆ ಕೊಚ್ಚಿಹೋಯಿತು. ಕತ್ತಲಲ್ಲಿ ಪುಟ್ಟಿ ಎದ್ದು ಕೂತಳು. ಈ ಕತೆ ಅವಳಿಗೆ ಗೊತ್ತಿತ್ತು. ಎದುರುಮನೆಯಲ್ಲಿ ಇದು ಚಿಊ ಮತ್ತು ಕಾಊ. ಆದರೆ ಅಲ್ಲಿ ಗುಬ್ಬಿಯ ಮನೆ ಮೇಣದ್ದು.

“ಮೇಣ” ಎಂದಳು.

“ಮ್ಯಾಣ ಅಲ್ಲ ಮಗಾ, ಕಲ್ಲು.”

“ಮೇಣ!”

“ಮ್ಯಾಣದ ಮನೆ ನಮ್ಮ ಊರಿನ ಬಿಸಿಲಿಗೆ ಒಂದು ದಿನ ನಿಲ್ಲುತ್ತಾ?” ಎಂದು ಅಜ್ಜಿ ವಾದ ಹೂಡಿದರು. ಪುಟ್ಟಿ ಸೋಲಲಿಲ್ಲ. ತನ್ನ ಕಡೆಯ ಕತೆಯನ್ನು ತಾನೇ ಹೇಳತೊಡಗಿದಳು, ಅರ್ಧ ಕನ್ನಡ, ಅರ್ಧ ಮರಾಠಿ, ನಡುವೆ ಮಳೆಯ ಸದ್ದನ್ನು ಬಾಯಲ್ಲೇ ಮಾಡುತ್ತ. ಕಾಗೆ ಗುಬ್ಬಿಯ ಬಾಗಿಲು ತಟ್ಟುವ ಜಾಗ ಬಂದಾಗ ಕೈಯಿಂದ ನೆಲ ಬಡಿದು ಕೂಗಿದಳು: “ಚಿಊತಾಈ, ಚಿಊತಾಈ, ಬಾಗಿಲು ತೆಗಿ!”

ಅಜ್ಜಿ ಸುಮ್ಮನಾದರು. ತಮ್ಮ ಕತೆಯಲ್ಲಿ ಕಾಗೆ ಕೂಗುವುದು ‘ಗುಬ್ಬಕ್ಕ, ಗುಬ್ಬಕ್ಕ’ ಎಂದು. ಗುಬ್ಬಿ ಚಿಊ. ಹಾಗಾದರೆ ತಾಈ?

“ತಾಈ ಅಂದ್ರೆ ಅಕ್ಕನಾ?” ಎಂದು ಕತ್ತಲಲ್ಲೇ ಸೊಸೆಯನ್ನು ಕೇಳಿದರು. ಹೌದೆಂದಾಗ ಅವರು ನಗಲು ಶುರುಮಾಡಿದ್ದು, ಕರೆಂಟು ಬಂದ ಮೇಲೂ ನಿಲ್ಲಲಿಲ್ಲ. ಮೀಟಿಂಗಿನ ಹದಿನಾಲ್ಕು ಜನರ ಮುಂದೆ ತಾವು ಮಾಡಿದ್ದೇನೆಂದು ಅವರಿಗೆ ಆಗ ಹೊಳೆದಿತ್ತು. ಸೊಸೆ ಬಾಗಿಲ ಹತ್ತಿರ ನಿಂತವಳು ನಗುತ್ತಿರಲಿಲ್ಲ. ಬಾಗಿಲು ತೆಗಿ ಎಂದು ಮಗಳು ಹೇಳಿದ್ದು ತನ್ನ ಧಾರವಾಡದ ಕನ್ನಡದಲ್ಲಿ. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಎರಡು ತಿಂಗಳಲ್ಲೂ ಅದು ಎಲ್ಲೋ ಇತ್ತು.

ಜುಲೈ ಮೊದಲ ವಾರ ಅಜ್ಜಿ ಹೊರಟರು. ಗದ್ದೆಯ ಕೆಲಸ ಇತ್ತು. ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧಾ ಹಿಡಿಯಬೇಕು. ಡೊಂಬಿವಲಿಯಿಂದ ಸ್ಲೋ ಲೋಕಲ್. ಮಗ ಬ್ಯಾಗುಗಳ ಜೊತೆ ಗಂಡಸರ ಡಬ್ಬಿಯಲ್ಲಿ, ಉಳಿದವರು ಲೇಡೀಸ್‌ನಲ್ಲಿ. ಲೋಕಲಿನಲ್ಲಿ ಪ್ರತಿ ನಿಲ್ದಾಣಕ್ಕೂ ಧ್ವನಿವರ್ಧಕ ಮೂರು ಸಲ ಹೇಳುತ್ತದೆ: ಪುಢೀಲ್ ಸ್ಟೇಷನ್ ಕೋಪರ್, ಅಗಲಾ ಸ್ಟೇಷನ್ ಕೋಪರ್, ನೆಕ್ಸ್ಟ್ ಸ್ಟೇಷನ್ ಕೋಪರ್. ಮರಾಠಿ, ಹಿಂದಿ, ಇಂಗ್ಲಿಷು. ಅಜ್ಜಿಯ ತೊಡೆಯ ಮೇಲೆ ಕೂತ ಪುಟ್ಟಿ ಅದು ಮುಗಿಯುವುದನ್ನೇ ಕಾದು, ಅದೇ ರಾಗದಲ್ಲಿ, “ಮುಂದಿನ ಸ್ಟೇಷನ್ ಕೋಪರ್” ಎಂದಳು. ಎದುರು ಕೂತು ಬಟಾಣಿ ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ದಿವಾಕ್ಕೂ ಹೇಳಿದಳು, ಮುಂಬ್ರಾಕ್ಕೂ ಹೇಳಿದಳು. ಕಳವಾ ಬರುವಷ್ಟರಲ್ಲಿ ಡಬ್ಬಿಯ ಆ ಮೂಲೆಯವರೆಲ್ಲ ನಾಲ್ಕನೆಯ ಘೋಷಣೆಗೆ ಕಾಯುತ್ತಿದ್ದರು. ಇದು ಯಾವ ಭಾಷೆ ಎಂದು ಯಾರೋ ಕೇಳಿದರು, ಅಮ್ಮ ಹೇಳಿದಳು.

ಕಳವಾ ಬಿಟ್ಟಿತು. ಪುಢೀಲ್ ಸ್ಟೇಷನ್ ಠಾಣೆ ಎಂದಿತು ಧ್ವನಿವರ್ಧಕ, ಅಗಲಾ ಎಂದಿತು, ನೆಕ್ಸ್ಟ್ ಎಂದಿತು. ಪುಟ್ಟಿ ಬಾಯಿ ಬಿಗಿದು ಕೂತಿದ್ದಳು. ಬಟಾಣಿಯವಳು “ಬೋಲೋ ಬೇಟಾ” ಎಂದಳು. ಪುಟ್ಟಿ ತಲೆಯಲ್ಲಾಡಿಸಿ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಒಂದು ನಿಮಿಷ ಕಾದು ಅಜ್ಜಿ ತಾವೇ, ಸ್ವಲ್ಪ ನಾಚಿಕೊಂಡು, ಆ ರಾಗ ಸರಿಯಾಗಿ ಬರದೆ, ಹೇಳಿದರು: “ಮುಂದಿನ ಸ್ಟೇಷನ್ ಠಾಣೆ.”

ಅಲ್ಲಿ ಇಳಿದಾಗ ಮಗ ಬ್ಯಾಗ್ ಎಣಿಸಿದ. ಬರುವಾಗ ಐದಿದ್ದವು, ಈಗ ಎರಡು. ಒಂದರಲ್ಲಿ ಕಾಕೂ ಕಟ್ಟಿಕೊಟ್ಟ ಅಳೂವಡಿ ಇತ್ತು, ಈ ಸಲ ಅಕ್ಕಿ ಹಾಕಿದ್ದು.